"ಸುಮ್ನೆ ಯಾಕೆ ಮಂಡೆಬಿಸಿ?": ಸಣ್ಣ ಸ್ಟಾರ್ಟಪ್‌ನ ಆರೋಗ್ಯ ನೋಡುವ ಕ್ರಮ

ಮಂಗಳೂರಿನ ಬಿಜೈಯಲ್ಲಿ ಒಂದು ಕಟ್ಟಡದ ಮೂರನೇ ಮಹಡಿ. ಗೇರುಬೀಜದ ಫ್ಯಾಕ್ಟರಿಗಳಿಗೆ ಸ್ಟಾಕಿನ ಲೆಕ್ಕ ಇಡುವ ಸಾಫ್ಟ್‌ವೇರ್ ಮಾಡುತ್ತಿದ್ದ ಕಂಪನಿ, ಒಟ್ಟು ಹದಿನಾಲ್ಕು ಜನ. ಅವರ ಅತಿ ದೊಡ್ಡ ಗಿರಾಕಿ ಬಿಟ್ಟು ಹೋಗಿದ್ದರು. ಕಂಪನಿ ಶುರು ಮಾಡಿದವರಿಗೆ ಅದು ಗೊತ್ತಾದದ್ದು ಗಿರಾಕಿಯ ಇಮೇಲ್ ಬಂದ ದಿನ. ಆದರೆ ಸಪೋರ್ಟ್ ಫೋನ್ ಎತ್ತುವ ಹುಡುಗಿಗೆ ಐದು ವಾರ ಮೊದಲೇ ಗೊತ್ತಿತ್ತು. ಆ ಫ್ಯಾಕ್ಟರಿಯಲ್ಲಿ ಲೆಕ್ಕ ಬರೆಯುವ ರೈಟರ್ ಅವಳಿಗೆ ಎರಡು ಸಲ ಹೇಳಿದ್ದರಂತೆ, "ಇದು ಸರಿಯಾಗದಿದ್ರೆ ನಾವು ಪುನಃ ಪುಸ್ತಕದಲ್ಲೇ ಬರೀತೇವೆ" ಅಂತ.

ಮತ್ತೆ ಕಂಪನಿ ಶುರು ಮಾಡಿದವರಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವಳು ಪೆನ್ನಿನ ಮುಚ್ಚಳ ತಿರುಗಿಸುತ್ತಾ ಹೇಳಿದಳು: "ಅವ್ರಿಗೆ ಮೊದ್ಲೇ ಟೆನ್ಶನ್ ಉಂಟಲ್ವಾ ಮೇಡಂ. ಸುಮ್ನೆ ಯಾಕೆ ಮಂಡೆಬಿಸಿ ಅಂತ."

ನಾನು ಹದಿನೈದು ವರ್ಷ ಮಂಗಳೂರು, ಮಣಿಪಾಲದ ಸಣ್ಣ ಕಂಪನಿಗಳಲ್ಲಿ ಅಕೌಂಟ್ಸ್ ನೋಡಿದವಳು. ಸಣ್ಣ ಕಂಪನಿ ಎಂದ ಮೇಲೆ ಆಡಳಿತವೂ ನನ್ನದೇ, ನೀರಿನ ಕ್ಯಾನ್ ತರಿಸುವುದೂ ನನ್ನದೇ. ಈಗ ಯಾರಾದರೂ ಕರೆದರೆ ಹೋಗಿ ಎರಡು ವಾರ ಕುಳಿತು, ಒಳಗೆ ಏನು ಸರಿಯಿದೆ, ಏನು ಕೆಟ್ಟಿದೆ ಎಂದು ನೋಡಿಕೊಡುತ್ತೇನೆ. ಕರಾವಳಿಯನ್ನು ಸಿಲಿಕಾನ್ ಬೀಚ್ ಎಂದು ಕರೆಯುವ ಭಾಷಣಗಳು ಈಗ ಜಾಸ್ತಿ. ಅಲ್ಲೆಲ್ಲ ಫಂಡಿಂಗ್ ಮಾತು ಬರುತ್ತದೆ, ಪ್ರಾಡಕ್ಟ್ ಮಾತು ಬರುತ್ತದೆ. ಒಳಗಿನ ಹದಿನಾಲ್ಕು ಜನ ಹೇಗಿದ್ದಾರೆ ಎಂಬ ಮಾತು ಬರುವುದು ಕಡಿಮೆ.

ನಾನು ನೋಡುವುದೆಲ್ಲ ಕೊನೆಗೆ ಒಂದೇ ವಿಷಯಕ್ಕೆ ಬಂದು ನಿಲ್ಲುತ್ತದೆ. ಕೆಟ್ಟ ಸುದ್ದಿ ಗೊತ್ತಿರುವವರಿಂದ ಅದಕ್ಕೆ ಏನಾದರೂ ಮಾಡಬಲ್ಲವರ ತನಕ ಹೋಗಲು ಎಷ್ಟು ದಿನ ಹಿಡಿಯುತ್ತದೆ? ಬಿಜೈಯ ಕಂಪನಿಯಲ್ಲಿ 35 ದಿನ ಹಿಡಿಯಿತು. ಅಷ್ಟೂ ದಿನ ಆಫೀಸಿನಲ್ಲಿ ಎಲ್ಲರೂ ಒಳ್ಳೆಯವರೇ, ಮಧ್ಯಾಹ್ನ ಒಟ್ಟಿಗೆ ಊಟ ಮಾಡುವವರೇ.

ಯಾರು ನೋಡಬೇಕು, ಯಾವಾಗ

ಎಂಟು ಜನರಿಗಿಂತ ಕಡಿಮೆ ಇದ್ದರೆ ಇದೆಲ್ಲ ಬೇಡ. ಒಂದು ಸಂಜೆ ಎಲ್ಲರೂ ಗೋಳಿಬಜೆ ತರಿಸಿಕೊಂಡು ಕೂತರೆ ಸಾಕು. ನಲವತ್ತು ದಾಟಿದರೆ ಬೇರೆ ಕ್ರಮ ಬೇಕಾಗುತ್ತದೆ. ಈ ಎರಡರ ನಡುವೆ ಇರುವವರಿಗೆ ಈ ಲೇಖನ.

ಮಲ್ಪೆಯಲ್ಲಿ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಬೋಟು ದಡಕ್ಕೆ ಹಾಕಿ ಅಡಿ ನೋಡುವುದು, ಬಲೆ ಹೊಲಿಯುವುದು, ಇಂಜಿನ್ ಬಿಚ್ಚುವುದು ಎಲ್ಲ ಆಗ. ಸ್ಟಾರ್ಟಪ್‌ಗೆ ಅಂಥ ಬಿಡುವು ಇಲ್ಲ. ಕಡಲಲ್ಲಿ ಇರುವಾಗಲೇ ಅಡಿ ನೋಡಬೇಕು. ಆದ್ದರಿಂದ ದಿನ ಆರಿಸುವುದರಲ್ಲಿ ಸ್ವಲ್ಪ ಎಚ್ಚರ ಇರಲಿ. ಅಪ್ರೈಸಲ್ ತಿಂಗಳು ಬೇಡ, ಎಲ್ಲರೂ ನಾಲಗೆ ಬಿಗಿಹಿಡಿದಿರುತ್ತಾರೆ. ಫಂಡಿಂಗ್ ಬಂದ ವಾರ ಬೇಡ, ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಯಾರನ್ನೋ ಕೆಲಸದಿಂದ ತೆಗೆದ ಮೇಲೆ ಒಂದು ತಿಂಗಳಾದರೂ ಬಿಡಿ.

ನೋಡುವವರು ಕಂಪನಿ ಶುರು ಮಾಡಿದವರೇ ಆಗಬಾರದು. ಅವರ ಭಾವನೋ ಚಿಕ್ಕಮ್ಮನ ಮಗನೋ ಆಗಲೇಬಾರದು. ನಮ್ಮೂರಲ್ಲಿ ಇದು ಹೇಳುವಷ್ಟು ಸುಲಭ ಅಲ್ಲ. ಎರಡು ಪ್ರಶ್ನೆ ಕೇಳುವುದರೊಳಗೆ ಯಾರು ಯಾರಿಗೆ ಏನಾಗಬೇಕು ಎಂದು ಗೊತ್ತಾಗಿಬಿಡುತ್ತದೆ. ಇನ್ನೊಂದು ಸ್ಟಾರ್ಟಪ್‌ನಲ್ಲಿ ಆಡಳಿತ ನೋಡುವ ಒಬ್ಬರನ್ನು ಕೇಳಿ, ಮುಂದೆ ಅವರ ಕಂಪನಿಗೆ ನಿಮ್ಮ ಕಡೆಯವರನ್ನು ಕಳಿಸಿ. ಖರ್ಚೂ ಉಳಿಯುತ್ತದೆ.

ಶುರು ಮಾಡುವ ದಿನ ಎಲ್ಲರನ್ನೂ ಸೇರಿಸಿ ಐದು ನಿಮಿಷ ಮಾತಾಡಿ. ಯಾಕೆ ಮಾಡುತ್ತಿದ್ದೀರಿ, ಯಾರು ಬರುತ್ತಾರೆ, ಹೇಳಿದ್ದನ್ನು ಯಾರು ಓದುತ್ತಾರೆ, ಎಷ್ಟು ದಿನದಲ್ಲಿ ನಿಮಗೆ ತಿರುಗಿ ಹೇಳುತ್ತೇವೆ, ಇಷ್ಟೇ ಸಾಕು. ಕೊನೆಯದನ್ನು ಮರೆತರೆ ಉಳಿದದ್ದೂ ಹೇಳಿ ಉಪಯೋಗ ಇಲ್ಲ.

ಮೊದಲು ಬ್ಯಾಂಕ್ ಸ್ಟೇಟ್‌ಮೆಂಟ್

ಜನರ ಜೊತೆ ಮಾತಿಗೆ ಮೊದಲು ಕಾಗದ ನೋಡಬೇಕು. ಹಿಂದಿನ ಹನ್ನೆರಡು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದುಕೊಂಡು ಸಂಬಳ ಹೋದ ತಾರೀಕುಗಳನ್ನು ಮಾತ್ರ ಒಂದು ಸಾಲಿನಲ್ಲಿ ಬರೆಯಿರಿ. ನಾನು ಬರೆದ ಒಂದು ಸಾಲು ಹೀಗಿತ್ತು: 1, 1, 1, 2, 1, 3, 3, 5, 4, 7, 9, 12. ಇದಕ್ಕೆ ವಿವರಣೆ ಬೇಕಾ? ಆ ಕಂಪನಿಯಲ್ಲಿ ಯಾರೂ ಸಂಬಳ ತಡವಾಗುತ್ತಿದೆ ಎಂದು ಬಾಯಿಬಿಟ್ಟು ಹೇಳಿರಲಿಲ್ಲ. ಹೇಳುವುದು ಯಾಕೆ, ಎಲ್ಲರ ಮೊಬೈಲಿಗೂ ಬ್ಯಾಂಕಿನ ಮೆಸೇಜ್ ಬರುತ್ತದೆ. ತಿಂಗಳ 5ಕ್ಕೆ ಮನೆ ಸಾಲದ ಕಂತು ಇದ್ದವನಿಗೆ ಕಂಪನಿಯ ಪರಿಸ್ಥಿತಿ ಹೂಡಿಕೆ ಮಾಡಿದವರಿಗಿಂತ ಮೊದಲು ಗೊತ್ತಾಗಿರುತ್ತದೆ.

ಆಮೇಲೆ ಸರ್ಕಾರಕ್ಕೆ ಕಟ್ಟುವುದನ್ನು ನೋಡಿ. ಟಿಡಿಎಸ್, ಅಂದರೆ ಹಣ ಕೊಡುವಾಗಲೇ ಹಿಡಿದಿಟ್ಟ ತೆರಿಗೆ, ಮುಂದಿನ ತಿಂಗಳ 7ರೊಳಗೆ ಕಟ್ಟಬೇಕು, ಮಾರ್ಚ್‌ನದ್ದಕ್ಕೆ ಮಾತ್ರ ಏಪ್ರಿಲ್ 30ರ ತನಕ ಸಮಯ. ಪಿಎಫ್, ಅಂದರೆ ಭವಿಷ್ಯನಿಧಿ, 15ರೊಳಗೆ. ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಇದ್ದರೆ ಪಿಎಫ್ ಕಡ್ಡಾಯ, ಕೆಲಸಗಾರರ 12 ಶೇಕಡಾ, ಕಂಪನಿಯ 12 ಶೇಕಡಾ. ಚಲನ್‌ಗಳ ತಾರೀಕು ಸಂಬಳದ ತಾರೀಕಿನ ಕೆಳಗೆ ಬರೆಯಿರಿ. ಸಂಬಳ ಸರಿಯಾಗಿ ಹೋಗಿ ಪಿಎಫ್ ಹಿಂದೆ ಬಿದ್ದಿದ್ದರೆ, ಎಲ್ಲಿಯೋ ಯಾರೋ ಕಣ್ಣಿಗೆ ಕಾಣದ ಕಡೆಯಿಂದ ಎತ್ತಿ ಕಾಣುವ ಕಡೆಗೆ ಹಾಕುತ್ತಿದ್ದಾರೆ ಎಂದು ಅರ್ಥ.

ಇದನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ. ಹಿಂದೆ ನಾನಿದ್ದ ಒಂದು ಕಂಪನಿಯಲ್ಲಿ ಸತತ ಮೂರು ತಿಂಗಳು ಪಿಎಫ್ ಕಡಿತ ಮಾಡಿದೆವು, ಕಟ್ಟಲಿಲ್ಲ. ಚಲನ್ ಮಾಡಬೇಕಾದವಳು ನಾನೇ. "ಮುಂದಿನ ವಾರ ಪೇಮೆಂಟ್ ಬರ್ತದೆ, ಒಟ್ಟಿಗೆ ಕಟ್ಟುವ" ಎಂದರು, ಸುಮ್ಮನಾದೆ. ಮಧ್ಯಾಹ್ನ ಊಟಕ್ಕೆ ಜೊತೆಗೆ ಕೂರುವವರಿಗೂ ಹೇಳಲಿಲ್ಲ. ಕೊನೆಗೆ ಒಬ್ಬ ಹುಡುಗ ಅಕ್ಕನ ಮದುವೆಗೆಂದು ಪಿಎಫ್ ತೆಗೆಯಲು ಸರ್ಕಾರದ ಉಮಂಗ್ ಆ್ಯಪ್‌ನಲ್ಲಿ ಪಾಸ್‌ಬುಕ್ ತೆರೆದ. ನನ್ನ ಮೇಜಿನ ಹತ್ತಿರ ಬಂದು ಮೊಬೈಲ್ ತೋರಿಸಿದ, ಏನೂ ಹೇಳಲಿಲ್ಲ. ಒಂದು ವಾರದಲ್ಲಿ ನಾಲ್ಕು ಜನ ಪೇಪರ್ ಹಾಕಿದರು. ಆ ಸಪೋರ್ಟ್ ಹುಡುಗಿ ಮಂಡೆಬಿಸಿ ಎಂದಾಗ ನನಗೆ ಅವಳನ್ನು ಬೈಯುವ ಬಾಯಿ ಇರಲಿಲ್ಲ.

ರನ್‌ವೇ ಎಷ್ಟು, ನಿಜವಾಗಿ

ಬ್ಯಾಂಕಿನಲ್ಲಿ ಇರುವ ಹಣವನ್ನು ತಿಂಗಳ ನಷ್ಟದಿಂದ ಭಾಗಿಸಿದರೆ ಕಂಪನಿ ಎಷ್ಟು ತಿಂಗಳು ನಡೆಯುತ್ತದೆ ಎಂದು ಸಿಗುತ್ತದೆ, ಅದೇ ರನ್‌ವೇ. ಈ ಲೆಕ್ಕ ಎಲ್ಲರಿಗೂ ಗೊತ್ತು. ತಪ್ಪುವುದು ಬ್ಯಾಂಕಿನಲ್ಲಿ ಇರುವುದೆಲ್ಲ ನಮ್ಮದೇ ಎಂದುಕೊಳ್ಳುವಲ್ಲಿ.

ಉದಾಹರಣೆಗೆ ಬ್ಯಾಂಕಿನಲ್ಲಿ 46 ಲಕ್ಷ ಇದೆ ಎನ್ನಿ. ತಿಂಗಳಿಗೆ ಹೋಗುವುದು 11 ಲಕ್ಷ, ಬರುವುದು 6 ಲಕ್ಷ. ನಷ್ಟ 5 ಲಕ್ಷ, ಅಂದರೆ ಒಂಬತ್ತು ತಿಂಗಳು ಚಿಂತೆಯಿಲ್ಲ. ಈಗ ಅದರಿಂದ ಕಟ್ಟಬೇಕಾದ ಜಿಎಸ್‌ಟಿ 3.2 ಲಕ್ಷ, ಟಿಡಿಎಸ್ ಮತ್ತು ಪಿಎಫ್ 1.3 ಲಕ್ಷ, ಬಾಕಿ ಬಿಲ್ಲುಗಳು 2.5 ಲಕ್ಷ, ಕೆಲಸ ಮಾಡಿಕೊಡದೆ ತೆಗೆದುಕೊಂಡ ಅಡ್ವಾನ್ಸ್ 7 ಲಕ್ಷ ಕಳೆಯಿರಿ. ಉಳಿದದ್ದು 32 ಲಕ್ಷ, ಆರು ತಿಂಗಳು ಚಿಲ್ಲರೆ. ಇನ್ನು ತಿಂಗಳಿಗೆ 3 ಲಕ್ಷ ಕೊಡುವ ಒಬ್ಬ ಗಿರಾಕಿ ಹೋದರೆ ನಷ್ಟ 8 ಲಕ್ಷ, ನಾಲ್ಕೇ ತಿಂಗಳು. ಬರುವ ಹಣಕ್ಕೆ ಕಳಿಸಿದ ಬಿಲ್ಲಿನ ಮೊತ್ತ ಹಾಕಬೇಡಿ. ಹಿಂದಿನ ಆರು ತಿಂಗಳಲ್ಲಿ ನಿಜವಾಗಿ ಖಾತೆಗೆ ಬಿದ್ದದ್ದರ ಸರಾಸರಿ ಹಾಕಿ.

ಕಂಪನಿ ಶುರು ಮಾಡಿದವರು ತಮ್ಮ ಸಂಬಳ ತೆಗೆದುಕೊಳ್ಳುತ್ತಿದ್ದಾರಾ ಎಂಬುದನ್ನೂ ನೋಡಿ. "ನಾನು ಒಂದು ವರ್ಷದಿಂದ ಒಂದು ರೂಪಾಯಿ ತೆಗೊಂಡಿಲ್ಲ" ಎಂದು ಹೆಮ್ಮೆಯಿಂದ ಹೇಳುವವರು ಇದ್ದಾರೆ. ಹಾಗಾದರೆ ಲೆಕ್ಕದಲ್ಲಿ ಖರ್ಚು ಕಡಿಮೆ ತೋರಿಸಿದ ಹಾಗೆ ಆಯ್ತಲ್ವಾ? ಮನೆಯ ಖರ್ಚು ಹೆಂಡತಿಯ ಸಂಬಳದಲ್ಲೋ ಅಪ್ಪನ ಪಿಂಚಣಿಯಲ್ಲೋ ನಡೆಯುತ್ತಿದೆ. ಅದು ನಿಂತ ದಿನ ಕಂಪನಿಯೂ ನಿಲ್ಲಬಹುದು.

ರಜೆ ಪುಸ್ತಕ ಮತ್ತು ವೀಸಾ ಲೆಕ್ಕ

ರಜೆಯ ಪಟ್ಟಿ ಓದುವುದು ನನಗೆ ತುಂಬ ಇಷ್ಟದ ಕೆಲಸ. ಕಂಪನಿಯ ಬಗ್ಗೆ ಅಷ್ಟು ಹೇಳುವ ಕಾಗದ ಇನ್ನೊಂದಿಲ್ಲ.

ದೀಪಾವಳಿ ಕಳೆದ ಮೇಲೆ ಮೇ ಕೊನೆಯ ಹೊತ್ತಿನ ಪತ್ತನಾಜೆಯ ತನಕ ನಮ್ಮಲ್ಲಿ ದೈವಗಳ ಕೋಲ, ನೇಮ, ಯಕ್ಷಗಾನದ ಕಾಲ. ರಾತ್ರಿಯಿಡೀ ಎಚ್ಚರ ಇದ್ದು ಬೆಳಿಗ್ಗೆ ಆಫೀಸಿಗೆ ಬರಲು ಯಾರಿಗೂ ಆಗುವುದಿಲ್ಲ. ಒಂದು ಕಂಪನಿಯ ಪಟ್ಟಿಯಲ್ಲಿ ಫೆಬ್ರವರಿ, ಮಾರ್ಚ್‌ನ ರಜೆಗಳ ಎದುರು "ಮನೆಯಲ್ಲಿ ಕೋಲ", "ಕುಟುಂಬದ ನೇಮ" ಎಂದು ಸಾಲು ಸಾಲಾಗಿ ಬರೆದಿತ್ತು. ಇನ್ನೊಂದರಲ್ಲಿ ಅದೇ ತಿಂಗಳುಗಳಲ್ಲಿ ಎಲ್ಲರಿಗೂ ಜ್ವರ. ಹೊಟ್ಟೆನೋವು. ಪುನಃ ಜ್ವರ. ದೈವದ ಕೆಲಸ ಎಂದು ನೇರ ಹೇಳಲು ಹೆದರುವ ಜನ, ಸರ್ವರ್ ಬಿದ್ದಿದೆ ಎಂದು ನೇರ ಹೇಳುತ್ತಾರಾ? ಎರಡನೆಯ ಕಂಪನಿಯಲ್ಲಿ ಮ್ಯಾನೇಜರ್ ಒಬ್ಬರು ಯಾವಾಗಲೋ ತಮಾಷೆಗೆ "ನಿಮಗೆಲ್ಲ ದೇವರು ಜಾಸ್ತಿ, ಕೆಲಸ ಕಡಿಮೆ" ಎಂದಿದ್ದರಂತೆ. ಅಲ್ಲಿಂದ ಜ್ವರ ಶುರು.

ಬಿಟ್ಟು ಹೋದವರ ವಿಷಯದಲ್ಲಿ ಶೇಕಡಾ ಲೆಕ್ಕ ಬೇಡ. ಹನ್ನೆರಡರಲ್ಲಿ ಮೂವರು ಹೋದರೆ 25 ಶೇಕಡಾ ಎಂದು ಬರೆದು ಹೆದರುವುದರಲ್ಲಿ ಅರ್ಥ ಇಲ್ಲ. ಒಬ್ಬಳು ಮದುವೆಯಾಗಿ ಬೆಂಗಳೂರಿಗೆ ಹೋಗಿರಬಹುದು. ಹದಿನೆಂಟು ತಿಂಗಳಲ್ಲಿ ಹೋದ ಪ್ರತಿಯೊಬ್ಬರ ಹೆಸರು ಬರೆದು ಮೂರು ವಿಷಯ ನೋಡಿ. ಎಷ್ಟು ತಿಂಗಳು ಇದ್ದರು, ಯಾರ ಕೈಕೆಳಗೆ ಇದ್ದರು, ಹೋಗುವುದಕ್ಕೆ ಮೊದಲಿನ ಎರಡು ತಿಂಗಳು ಮೀಟಿಂಗ್‌ನಲ್ಲಿ ಮಾತಾಡುತ್ತಿದ್ದರಾ. ಒಬ್ಬರದ್ದೇ ಕೈಕೆಳಗಿನಿಂದ ಮೂವರು ಹೋಗಿದ್ದರೆ ಮುಂದೆ ಎಲ್ಲಿ ನೋಡಬೇಕು ಎಂದು ಗೊತ್ತಾಯ್ತು. ಸಾಧ್ಯವಾದರೆ ಹೋದವರಿಗೇ ಫೋನ್ ಮಾಡಿ. ಆರು ತಿಂಗಳಾದ ಮೇಲೆ ಅವರಿಗೆ ಸಿಟ್ಟೂ ಇರುವುದಿಲ್ಲ, ಹೆದರಿಕೆಯೂ ಇರುವುದಿಲ್ಲ.

ಸಾಫ್ಟ್‌ವೇರ್‌ನವರು ಬಸ್ ಫ್ಯಾಕ್ಟರ್ ಎಂದು ಒಂದು ಮಾತು ಹೇಳುತ್ತಾರೆ. ಎಷ್ಟು ಜನ ಬಸ್ಸಿನಡಿಗೆ ಬಿದ್ದರೆ ಕೆಲಸ ನಿಲ್ಲುತ್ತದೆ ಎಂಬ ಲೆಕ್ಕ. ಮಂಗಳೂರಿನ ಸಿಟಿ ಬಸ್ಸುಗಳ ಓಟ ನೋಡಿದರೆ ಅದು ತಮಾಷೆ ಅಲ್ಲ, ಆದರೂ ನಾನು ಇದನ್ನು ವೀಸಾ ಲೆಕ್ಕ ಎನ್ನುತ್ತೇನೆ. ನಮ್ಮಲ್ಲಿ ಜನ ಮಾಯವಾಗುವುದು ಹಾಗೆ ತಾನೆ, ದುಬೈಯಲ್ಲೋ ಕತಾರಿನಲ್ಲೋ ಇರುವ ಮಾವ ಫೋನ್ ಮಾಡಿ "ವೀಸಾ ಆಗಿದೆ, ಹದಿನೈದು ದಿನದಲ್ಲಿ ಬಾ" ಎನ್ನುತ್ತಾರೆ. ಪ್ರತಿ ಮುಖ್ಯ ಕೆಲಸದ ಎದುರು ಎರಡು ಹೆಸರು ಬರೆಯಲು ಆಗುತ್ತದಾ ನೋಡಿ. ಸರ್ವರ್ ಪಾಸ್‌ವರ್ಡ್, ಜಿಎಸ್‌ಟಿ ಲಾಗಿನ್, ದೊಡ್ಡ ಗಿರಾಕಿಯ ಸಂಪರ್ಕ, ಬಿಲ್ಲಿಂಗ್. ಒಂದೇ ಹೆಸರು ಇರುವಲ್ಲಿ ಕೆಂಪು ಗುರುತು ಹಾಕಿ. ಒಂದೇ ವ್ಯಕ್ತಿಯ ಹೆಸರು ನಾಲ್ಕು ಕೆಂಪು ಗುರುತಿನ ಹತ್ತಿರ ಇದ್ದರೆ, ಅವರು ಕಳೆದ ವರ್ಷ ಎಷ್ಟು ದಿನ ರಜೆ ಹಾಕಿದ್ದಾರೆ ಎಂದು ಪುನಃ ಪಟ್ಟಿ ನೋಡಿ. ಸೊನ್ನೆ ಇರುತ್ತದೆ.

ಮಾತು

ಪ್ರತಿಯೊಬ್ಬರ ಜೊತೆ ಅರ್ಧ ಗಂಟೆ. ಆಫೀಸ್ ಹುಡುಗನನ್ನು, ಟ್ರೈನಿಯನ್ನು ಬಿಡಬೇಡಿ. ಕ್ಯಾಬಿನ್‌ನಲ್ಲಿ ಬೇಡ, ಗಾಜಿನ ಗೋಡೆಯ ಕೋಣೆಯಲ್ಲಂತೂ ಬೇಡ. ಕೆಳಗಿನ ಹೋಟೆಲಿನಲ್ಲಿ ಒಂದು ಚಾ, ಒಂದು ಬನ್ಸ್ ಇಟ್ಟುಕೊಂಡು ಕೂತರೆ ಮಾತು ಬರುತ್ತದೆ.

"ಇಲ್ಲಿ ಹೇಗಿದೆ?" ಎಂದು ಕೇಳಿದರೆ "ಎಲ್ಲ ಸರಿ ಉಂಟು" ಎಂಬ ಉತ್ತರ ಸಿಗುತ್ತದೆ. ನಡೆದದ್ದನ್ನು ಕೇಳಬೇಕು, ಅಭಿಪ್ರಾಯ ಕೇಳಬಾರದು. ನಾನು ಕೇಳುವುದು ಹೀಗೆ: ಕಳೆದ ವಾರ ನಿಮ್ಮ ಕೆಲಸ ಎಲ್ಲಿ ನಿಂತಿತು, ಯಾರಿಗೆ ಕಾದಿರಿ? ಕೊನೆಯ ಸಲ ನಿಮ್ಮಿಂದ ಏನಾದರೂ ತಪ್ಪಾದಾಗ ಮೊದಲು ಯಾರಿಗೆ ಹೇಳಿದಿರಿ, ಅವರು ಏನಂದರು? ಯಾವ ಕೆಲಸ ಯಾರೂ ನೋಡದಿದ್ದರೂ ನೀವೇ ಮಾಡುತ್ತಿದ್ದೀರಿ? ನಿಮ್ಮ ತಂಗಿಗೆ ಇಲ್ಲಿ ಕೆಲಸ ಸಿಕ್ಕಿದರೆ ಸೇರು ಎನ್ನುತ್ತೀರಾ? ಕೊನೆಯ ಪ್ರಶ್ನೆಗೆ ಬಾಯಿ ಏನು ಹೇಳುತ್ತದೆ ಎನ್ನುವುದಕ್ಕಿಂತ, ಹೇಳುವ ಮೊದಲು ಎಷ್ಟು ಹೊತ್ತು ಸುಮ್ಮನಿರುತ್ತಾರೆ ಎಂದು ನೋಡಿ.

ಭಾಷೆಯ ವಿಷಯ ಒಂದು ಇದೆ. ಇಂಗ್ಲಿಷ್‌ನಲ್ಲಿ ಕೇಳಿದರೆ ಇಂಟರ್‌ವ್ಯೂ ಉತ್ತರ ಬರುತ್ತದೆ, ತುಳುವಿಗೋ ಕೊಂಕಣಿಗೋ ಬ್ಯಾರಿಗೋ ತಿರುಗಿದರೆ ಮನೆಯ ಉತ್ತರ ಬರುತ್ತದೆ. ಅದು ಒಳ್ಳೆಯದೇ. ಆದರೆ ಅದೇ ಆಫೀಸಿನಲ್ಲಿ ಹುಬ್ಬಳ್ಳಿಯಿಂದ ಬಂದ ಹುಡುಗನೊಬ್ಬ ಇರುತ್ತಾನೆ. ಊಟದ ಮೇಜಿನ ತಮಾಷೆ ಎಲ್ಲ ತುಳುವಿನಲ್ಲಿ, ಅವನು ಮೊಬೈಲ್ ನೋಡುತ್ತಾ ಊಟ ಮುಗಿಸುತ್ತಾನೆ. ಎಷ್ಟೋ ನಿರ್ಧಾರ ಆ ಮೇಜಿನಲ್ಲೇ ಆಗಿರುತ್ತದೆ. ಅವನ ಜೊತೆ ಅರ್ಧ ಗಂಟೆ ಅಲ್ಲ, ಒಂದು ಗಂಟೆ ಕೂರಿ.

ಕೆಟ್ಟ ಸುದ್ದಿಯ ದಾರಿ ಹಿಡಿಯುವುದು

ಸಮಯ ಇಲ್ಲ, ಒಂದೇ ಕೆಲಸ ಮಾಡುತ್ತೇನೆ ಎನ್ನುವವರು ಇದನ್ನೇ ಮಾಡಿ.

ಕಳೆದ ಆರು ತಿಂಗಳಲ್ಲಿ ಕೆಟ್ಟದ್ದು ಅನ್ನುವಂಥ ಮೂರು ಘಟನೆ ಆರಿಸಿ. ಗಿರಾಕಿ ಹೋದದ್ದು, ಡೆಲಿವರಿ ತಪ್ಪಿದ್ದು, ಒಬ್ಬರು ಇದ್ದಕ್ಕಿದ್ದ ಹಾಗೆ ಕೆಲಸ ಬಿಟ್ಟದ್ದು, ಯಾವುದಾದರೂ ಆಗಬಹುದು. ಪ್ರತಿಯೊಂದಕ್ಕೂ ಮೂರು ತಾರೀಕು ಹುಡುಕಿ: ಯಾರಿಗಾದರೂ ಮೊದಲು ಸಂಶಯ ಬಂದದ್ದು ಯಾವಾಗ, ಅದನ್ನು ಇನ್ನೊಬ್ಬರಿಗೆ ಹೇಳಿದ್ದು ಯಾವಾಗ, ತೀರ್ಮಾನ ಮಾಡುವವರಿಗೆ ಗೊತ್ತಾದದ್ದು ಯಾವಾಗ. ವಾಟ್ಸಾಪ್, ಇಮೇಲ್ ತೆಗೆದು ನೋಡಿದರೆ ತಾರೀಕು ಸಿಗುತ್ತದೆ. ನೆನಪನ್ನು ನಂಬಬೇಡಿ.

ಬಿಜೈಯ ಕಂಪನಿಯದ್ದು ಹೀಗಿತ್ತು. ಮೊದಲ ದಿನ ರೈಟರ್ ಫೋನ್ ಮಾಡಿದರು. ಮೂರನೇ ದಿನ ಸಪೋರ್ಟ್ ಹುಡುಗಿ ಪಕ್ಕದ ಕುರ್ಚಿಯ ಗೆಳತಿಗೆ ಹೇಳಿದಳು. ಹನ್ನೊಂದನೇ ದಿನ ಇಬ್ಬರೂ ಸೇರಿ ಟೀಮ್ ಲೀಡ್‌ಗೆ ಹೇಳಿದರು. ಅವರು "ನಾನು ನೋಡ್ತೇನೆ" ಎಂದರು. ಅವರು ನಿಜವಾಗಿಯೂ ನೋಡಿದರು, ಎರಡು ರಾತ್ರಿ ಕೂತು ಒಂದು ದೋಷ ಸರಿ ಮಾಡಿದರು. ಆದರೆ ಗಿರಾಕಿಯ ಸಿಟ್ಟು ಬೇರೆ ಕಾರಣಕ್ಕೆ, ಒಡೆದ ಬೀಜದ ತೂಕ ಬೇರೆ ಕಾಲಂನಲ್ಲಿ ಬರುತ್ತಿರಲಿಲ್ಲ. ಅದು ಅವರಿಗೆ ಗೊತ್ತಿರಲಿಲ್ಲ, ಯಾಕೆಂದರೆ ರೈಟರ್ ಹೇಳಿದ ಮಾತು ಮೂರು ಬಾಯಿ ದಾಟುವಾಗ "ಸ್ವಲ್ಪ ಪ್ರಾಬ್ಲಮ್ ಉಂಟಂತೆ" ಎಂದಷ್ಟೇ ಆಗಿತ್ತು. ಮೂವತ್ತೈದನೇ ದಿನ ಇಮೇಲ್.

ಇಲ್ಲಿ ಯಾರೂ ಕೆಟ್ಟವರಿಲ್ಲ ನೋಡಿ. ಒಬ್ಬಳಿಗೆ ದಾಕ್ಷಿಣ್ಯ, ಇನ್ನೊಬ್ಬರಿಗೆ ತಾನೇ ಸರಿ ಮಾಡುವ ಹಠ. ಎರಡು ವರ್ಷ ಹಿಂದೆ ಇಂಥದ್ದೇ ಸುದ್ದಿ ತಂದವರ ಮೇಲೆ ಬಾಸ್ ಎಲ್ಲರ ಎದುರು ಹಾರಿಬಿದ್ದಿದ್ದರು, ಅದು ಅವರಿಗೇ ಮರೆತುಹೋಗಿತ್ತು. ಉಳಿದವರು ಮರೆತಿರಲಿಲ್ಲ.

ಹಾರ್ವರ್ಡ್‌ನ ಏಮಿ ಎಡ್ಮಂಡ್ಸನ್ 1990ರ ದಶಕದಲ್ಲಿ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಲೆಕ್ಕ ಹಾಕಿದ್ದರು. ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆ ಇರಬಹುದು ಎಂದುಕೊಂಡು ನೋಡಿದರೆ ಲೆಕ್ಕದಲ್ಲಿ ಜಾಸ್ತಿ ಬಂತು. ಆ ತಂಡಗಳಲ್ಲಿ ತಪ್ಪು ಜಾಸ್ತಿ ಆಗುತ್ತಿತ್ತು ಎಂದಲ್ಲ, ಆದದ್ದನ್ನು ಅವರು ಮುಚ್ಚಿಡುತ್ತಿರಲಿಲ್ಲ. ಆದ್ದರಿಂದ "ನಮ್ಮಲ್ಲಿ ಈ ವರ್ಷ ಒಂದೂ ದೂರಿಲ್ಲ" ಎಂದು ಯಾರಾದರೂ ಹೇಳಿದರೆ ನನಗೆ ಖುಷಿಗಿಂತ ಸಂಶಯವೇ ಜಾಸ್ತಿ.

ದಿನಗಳ ಲೆಕ್ಕಕ್ಕೆ ನನ್ನದೊಂದು ಅಳತೆ ಇದೆ. ವಿಜ್ಞಾನ ಅಲ್ಲ, ಅನುಭವ. ಇಪ್ಪತ್ತು ಜನರ ಒಳಗಿನ ಕಂಪನಿಯಲ್ಲಿ ಎರಡು ದಿನದೊಳಗೆ ಸುದ್ದಿ ಮೇಲೆ ಹೋದರೆ ಚೆನ್ನಾಗಿದೆ. ಒಂದು ವಾರ ಆದರೆ ನಡುವೆ ಎಲ್ಲೋ ಒಬ್ಬರ ಹತ್ತಿರ ನಿಲ್ಲುತ್ತಿದೆ, ಅವರ ಜೊತೆ ಕೂತು ಮಾತಾಡಿ. ಎರಡು ವಾರ ದಾಟಿದರೆ ಒಬ್ಬರ ತಪ್ಪಲ್ಲ, ಎಲ್ಲರೂ ಹಾಗೆಯೇ ಕಲಿತಿದ್ದಾರೆ. ಆಗ ಮೊದಲು ಸರಿಯಾಗಬೇಕಾದದ್ದು ಮೇಲಿನ ಕುರ್ಚಿ.

ಒಂದು ಚೀಟಿ

ಇದಕ್ಕೆ ಹತ್ತು ನಿಮಿಷ ಸಾಕು. ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟು, ಪಕ್ಕದವರನ್ನು ಕೇಳದೆ, ಈ ಮೂರು ತಿಂಗಳಲ್ಲಿ ಕಂಪನಿಗೆ ಮುಖ್ಯವಾದ ಮೂರು ಕೆಲಸ ಬರೆಯಲು ಹೇಳಿ. ಶುರು ಮಾಡಿದವರೂ ಬರೆಯಬೇಕು, ಇಬ್ಬರಿದ್ದರೆ ಬೇರೆ ಬೇರೆ ಬರೆಯಬೇಕು. ಮಣಿಪಾಲದ ಒಂದು ಕಂಪನಿಯಲ್ಲಿ ಹನ್ನೊಂದು ಚೀಟಿಯಲ್ಲಿ ಹತ್ತೊಂಬತ್ತು ಬೇರೆ ಬೇರೆ ಕೆಲಸ ಬಂತು. ಇಬ್ಬರು ಪಾಲುದಾರರ ಚೀಟಿಯಲ್ಲಿ ಒಂದೂ ಸೇರಲಿಲ್ಲ. ಒಬ್ಬರು ಹೊಸ ಪ್ರಾಡಕ್ಟ್ ಎಂದು ಬರೆದಿದ್ದರು, ಇನ್ನೊಬ್ಬರು ಬಾಕಿ ವಸೂಲಿ ಎಂದು. ಅವರಿಬ್ಬರೂ ಒಂದೇ ಕಾರಿನಲ್ಲಿ ದಿನಾ ಆಫೀಸಿಗೆ ಬರುವವರು.

ಇನ್ನು ಚಿಕ್ಕಪುಟ್ಟವು

ಹತ್ತು ಅಥವಾ ಹೆಚ್ಚು ಜನ ಇದ್ದರೆ, 2013ರ ಕಾಯಿದೆಯಂತೆ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರಬೇಕು. ಅಧ್ಯಕ್ಷರು ಹಿರಿಯ ಮಹಿಳಾ ಉದ್ಯೋಗಿ, ಸಮಿತಿಯಲ್ಲಿ ಅರ್ಧದಷ್ಟಾದರೂ ಮಹಿಳೆಯರು, ಹೊರಗಿನವರು ಒಬ್ಬರು. ಸಮಿತಿಯಲ್ಲಿ ಯಾರಿದ್ದಾರೆ ಎಂದು ಆಫೀಸಿನ ಹೆಣ್ಣುಮಕ್ಕಳನ್ನೇ ಕೇಳಿ. ಗೋಡೆಯ ಮೇಲೆ ಪೋಸ್ಟರ್ ಇದ್ದು ಹೆಸರು ಗೊತ್ತಿಲ್ಲದಿದ್ದರೆ ಸಮಿತಿ ಇಲ್ಲ ಎಂದೇ ಬರೆದುಕೊಳ್ಳಿ.

ಎರಡು ಮೀಟಿಂಗ್‌ನಲ್ಲಿ ಮೂಲೆಯಲ್ಲಿ ಕೂತು, ಯಾರು ಎಷ್ಟು ಸಲ ಮಾತಾಡಿದರು ಎಂದು ಗೀಟು ಹಾಕಿ. ಮೀಟಿಂಗ್ ಮುಗಿದು ಬಾಗಿಲ ಹೊರಗೆ ನಡೆಯುವ ಎರಡನೇ ಮೀಟಿಂಗ್‌ನಲ್ಲಿ ಯಾರು ಮಾತಾಡುತ್ತಾರೆ ಎಂದೂ ನೋಡಿ. ಎರಡೂ ಪಟ್ಟಿ ಬೇರೆ ಬೇರೆ ಇದ್ದರೆ ನಿಜವಾದ ಮೀಟಿಂಗ್ ಹೊರಗಿನದ್ದು.

ಸರ್ವೆ ಫಾರ್ಮ್ ಬಗ್ಗೆ

ಹೆಸರಿಲ್ಲದ ಫಾರ್ಮ್ ಕಳಿಸಿದರೆ ಸಾಕಲ್ವಾ ಎಂದು ಎಲ್ಲರೂ ಕೇಳುತ್ತಾರೆ. ಹದಿನಾಲ್ಕು ಜನರಲ್ಲಿ ಹೆಸರಿಲ್ಲದ್ದು ಎಂಬುದು ಎಲ್ಲಿದೆ ಮಾರಾಯ್ರೆ? "ನಾನು ದಿನಾ ಕಾಸರಗೋಡಿನಿಂದ ಟ್ರೈನಿನಲ್ಲಿ ಬರುವುದು" ಎಂದು ಬರೆದರೆ ಮುಗಿಯಿತು, ಅಲ್ಲಿಂದ ಬರುವವನು ಒಬ್ಬನೇ. ಆದ್ದರಿಂದ ಐದಕ್ಕಿಂತ ಕಡಿಮೆ ಜನರಿರುವ ಗುಂಪಿನ ಉತ್ತರವನ್ನು ಬೇರೆಯಾಗಿ ತೋರಿಸಬೇಡಿ. ಬರೆದದ್ದನ್ನು ಹೊರಗಿನವರು ಓದಿ, ತಮ್ಮ ಮಾತಿನಲ್ಲಿ ಸಾರ ಕೊಡಲಿ.

"ಈ ಕಂಪನಿಯನ್ನು ಗೆಳೆಯರಿಗೆ ಎಷ್ಟು ಶಿಫಾರಸು ಮಾಡುತ್ತೀರಿ, 0ರಿಂದ 10" ಎಂಬ ಪ್ರಶ್ನೆ ಈಗ ಎಲ್ಲ ಕಡೆ ಇದೆ. 9, 10 ಕೊಟ್ಟವರ ಶೇಕಡಾದಿಂದ 0ರಿಂದ 6 ಕೊಟ್ಟವರ ಶೇಕಡಾ ಕಳೆಯುವುದು ಅದರ ಲೆಕ್ಕ. ದೊಡ್ಡ ಕಂಪನಿಗೆ ಸರಿ. ಹನ್ನೆರಡು ಜನರಲ್ಲಿ ಒಬ್ಬನ ಉತ್ತರ 9ರಿಂದ 6ಕ್ಕೆ ಬಂದರೆ ಅಂಕ ಒಂದೇ ಸಲಕ್ಕೆ 17ರಷ್ಟು ಬೀಳುತ್ತದೆ. ಅವನಿಗೆ ಆ ದಿನ ಬಸ್ ತಪ್ಪಿರಬಹುದು. ಆ ಅಂಕವನ್ನು ಮ್ಯಾನೇಜರ್‌ಗಳ ಬೋನಸ್‌ಗೆ ಜೋಡಿಸಿದರಂತೂ ಮುಂದಿನ ಸಲ ಎಲ್ಲರೂ 10 ಕೊಡುತ್ತಾರೆ, ಕೊಡಲೇಬೇಕು.

ಒಂದೇ ಹಾಳೆ

ನಲವತ್ತು ಪುಟದ ವರದಿ ಬೇಡ. ಹಾಳೆಯ ಮೇಲ್ಭಾಗದಲ್ಲಿ ನಾಲ್ಕು ಅಂಕಿ: ಸಂಬಳದ ತಾರೀಕುಗಳ ಸಾಲು, ನಿಜವಾದ ರನ್‌ವೇ, ಒಂದೇ ಹೆಸರಿರುವ ಕೆಲಸಗಳ ಸಂಖ್ಯೆ, ಕೆಟ್ಟ ಸುದ್ದಿಗೆ ಹಿಡಿದ ದಿನ. ಕೆಳಗೆ ಸರಿ ಮಾಡಬೇಕಾದ್ದು ಮೂರು. ನಾಲ್ಕನೆಯದು ಎಷ್ಟೇ ಮುಖ್ಯ ಅನ್ನಿಸಿದರೂ ಮುಂದಿನ ಸಲಕ್ಕೆ ಇಡಿ. ಯಾರು ಏನು ಹೇಳಿದರು ಎಂಬುದು ಈ ಹಾಳೆಯಲ್ಲಿ ಎಲ್ಲಿಯೂ ಇರಬಾರದು. "ಯಾರು ಹೇಳಿದ್ದು?" ಎಂದು ಬಾಸ್ ಕೇಳಿಯೇ ಕೇಳುತ್ತಾರೆ. ಆಗ ನೋಡುವವರು ಗಟ್ಟಿ ನಿಲ್ಲಬೇಕು. ಒಂದು ಹೆಸರು ಹೊರಗೆ ಬಂದರೆ ಎರಡು ವಾರದ ಕೆಲಸ ನೀರಲ್ಲಿ ಹೋಮ.

ಮೊದಲು ಹಾಳೆಯನ್ನು ಕಂಪನಿ ಶುರು ಮಾಡಿದವರಿಗೆ ಕೊಟ್ಟು ಒಂದು ರಾತ್ರಿ ಬಿಡಿ. ಅದೇ ಗಳಿಗೆಯಲ್ಲಿ ಉತ್ತರ ಕೇಳಬೇಡಿ, ಸಿಟ್ಟು ಬಂದೇ ಬರುತ್ತದೆ. ಒಂದು ವಾರದೊಳಗೆ ಅವರೇ ಎಲ್ಲರ ಎದುರು ನಿಂತು ಹೇಳಲಿ: ಇದು ಕಂಡಿತು, ಇದನ್ನು ಸರಿ ಮಾಡುತ್ತೇವೆ, ಇದನ್ನು ಈಗ ಮಾಡಲು ಆಗುವುದಿಲ್ಲ. ಮೂರರಲ್ಲಿ ಸುಲಭದ್ದೊಂದು ಹದಿನೈದು ದಿನದಲ್ಲಿ ಆಗಿಯೇ ಬಿಡಲಿ. ಜ್ವರದ ಕಂಪನಿಯಲ್ಲಿ ಅವರು ಮಾಡಿದ್ದು ಇಷ್ಟೇ. ರಜೆ ಫಾರ್ಮಿನಿಂದ ಕಾರಣದ ಕಾಲಂ ತೆಗೆದರು. ಏನನ್ನೂ ಸರಿ ಮಾಡುವ ಮನಸ್ಸಿಲ್ಲದಿದ್ದರೆ ಕೇಳಲೇ ಹೋಗಬೇಡಿ. ಕೇಳಿ ಸುಮ್ಮನಾಗುವುದಕ್ಕಿಂತ ಕೇಳದಿರುವುದು ಎಷ್ಟೋ ಮೇಲು.

ಆರು ತಿಂಗಳಿಗೊಮ್ಮೆ ಇದನ್ನೆಲ್ಲ ಪುನಃ ಮಾಡಿ. ನಡುವಿನ ದಿನಗಳಿಗೆ ಉಡುಪಿಯವರದ್ದೇ ಒಂದು ದಾರಿ ಇದೆ. 1928ರಲ್ಲಿ ಅಲ್ಲಿನ ಬ್ಯಾಂಕೊಂದು, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು, ಪಿಗ್ಮಿ ಶುರು ಮಾಡಿತು. ಏಜೆಂಟ್ ದಿನಾ ಮನೆಬಾಗಿಲಿಗೆ ಹೋಗಿ ಎರಡಾಣೆಯಷ್ಟು ಚಿಕ್ಕ ಹಣವನ್ನೂ ತರುತ್ತಿದ್ದರು. ಜನ ಬ್ಯಾಂಕಿಗೆ ಬರಲಿ ಎಂದು ಕಾಯಲಿಲ್ಲ. ಕೆಟ್ಟ ಸುದ್ದಿಯನ್ನೂ ಹಾಗೆಯೇ ಎತ್ತಬೇಕು. ಶುಕ್ರವಾರ ಸಂಜೆ ನಾಲ್ಕೂವರೆಗೆ, ಕಂಪನಿ ಶುರು ಮಾಡಿದವರು ತಾವೇ ಎದ್ದು ಪ್ರತಿ ಮೇಜಿನ ಹತ್ತಿರ ಹೋಗಿ ಒಂದೇ ಪ್ರಶ್ನೆ ಕೇಳಲಿ: "ನನಗೆ ಗೊತ್ತಿಲ್ಲದ್ದು, ಗೊತ್ತಿರಬೇಕಾದ್ದು ಎಂತ ಉಂಟು?" ಉತ್ತರ ಬಂದರೆ ಆ ಹೊತ್ತಿಗೆ "ಆಯ್ತು, ಹೇಳಿದ್ದು ಒಳ್ಳೆದಾಯ್ತು" ಎಂದಷ್ಟೇ ಹೇಳಿ ಬರೆದುಕೊಳ್ಳಲಿ. ಸಮಜಾಯಿಷಿ ಬೇಡ, ಮುಖ ಕೆಂಪು ಮಾಡುವುದಂತೂ ಬೇಡವೇ ಬೇಡ.

ಮೊದಲ ಎರಡು ವಾರ ಎಲ್ಲರೂ "ಎಂತ ಇಲ್ಲ ಸರ್" ಎನ್ನುತ್ತಾರೆ. ಮೂರನೇ ವಾರ ಯಾರಾದರೂ ಏಸಿ ಹಾಳಾದದ್ದು ಹೇಳುತ್ತಾರೆ. ಅದನ್ನು ಸೋಮವಾರವೇ ರಿಪೇರಿ ಮಾಡಿಸಿ. ಆರನೇ ವಾರಕ್ಕೂ ಏಸಿಗಿಂತ ದೊಡ್ಡ ಸುದ್ದಿ ಒಂದೂ ಬರದಿದ್ದರೆ, ಮತ್ತೆ ಆ ಮೂರು ತಾರೀಕು ಹುಡುಕುವ ಕೆಲಸಕ್ಕೆ ಕೂರಿ.